ಹಾಲಿಲ್ಲದ್ದು

ಬೀಗರು ಬಂದರ ನಮ್ಮವ್ವ
ಫರಸಿಯ ಮ್ಯಾಲ ಚಾದರ ಹಾಸಿ ಕೂಡಿಸಿ
ಮೊದಲ ಒಂದು ಸುಳ್ಳು ಬಡಿಸ್ತಿದ್ದಳು:
"ಎಮ್ಮಿ ಮೊನ್ನೇನೇ ಬತ್ತ್ಯಾದ ನೋಡ್ರಿ."
ನಮ್ಮನ್ಯಾಗ ಎಮ್ಮಿ ಅಂತ ಇದ್ದದ್ದು
ಗ್ವಾಡಿ ಮ್ಯಾಲ, ಹಿಂಡಿ ಅಂಗಡ್ಯವರು ಕೊಟ್ಟ ಕ್ಯಾಲೆಂಡರಿನಾಗ.
ಅದರ ಕೆಚ್ಚಲ ಕೆಳಗ ಡಿಸೆಂಬರ್ ತಿಂಗಳು.

ಆಮ್ಯಾಲ ಸ್ಟೋ ಪಂಪು, ಭುಸ್ ಅನ್ನೋ ನೀಲಿ ಉರಿ,
ಕರೀ ಛಾ.
ಪುಡಿ ಅಂದ್ರ ಪುಡಿ ಅಲ್ಲ,
ಖಾಸಿಂಬಿ ಹೋಟ್ಲಿನ ಡಬ್ಬಿ ತಳದ ಧೂಳು,
ಎಂಟಾಣೆಕ್ಕ ಒಂದು ಪುಡಕಿ.
ಬೆಲ್ಲದ ಹಳಕು ದವಡಿ ಹಲ್ಲಿನಾಗ ಹಿಡಕೊಂಡು
ಅದರ ಮ್ಯಾಲಿಂದ ಛಾ ಹರೀಬೇಕು,
ಲಗು ಕರಗಬಾರದು ಬೆಲ್ಲ.
ಒಂದು ಹಳಕಿಗಿ ಎರಡು ಬಸಿ.
ಹುಡುಗರಿಗಿ ಮೂರು.

ಬ್ಯಾಳಿ ಮಿಲ್ಲಿನ ಭೋಂಗಾ ಏಳಕ್ಕ.
ಹುಬ್ಬಿನ ಮ್ಯಾಲ ತೊಗರಿ ಹೊಟ್ಟು, ಮೂಗಿಗಿ ಸೆರಗು,
ಮೊರದಾಗ ಕಾಳು ಬ್ಯಾರೆ, ಕಲ್ಲು ಬ್ಯಾರೆ.
ಹನ್ನೊಂದಕ್ಕ ಹೊಟ್ಟಿ ಕರದರ ಕರೀ ಛಾ.
ರೊಟ್ಟಿ ಮುರದು ಬಾಯಾಗ ಇಡೂಮುಂದ ಕರೀ ಛಾ,
ಒಣಾ ರೊಟ್ಟಿ ಇಳೀಬೇಕಲ್ಲ.
ನಾಕಕ್ಕ ಕಣ್ಣಿಗಿ ಕತ್ತಲಿ ಬಂದರ, ಮತ್ತ ಅದೇ.
"ಹಸಿವಿ ಕೊಲ್ತದ ಇದು, ಭಾಳ ಛಲೋ" ಅಂತಿದ್ದಳು.
ಮದ್ದು ಅಂತಲೇ ತಿಳದಿದ್ದೆ ನಾ.

ಈಗ ನನ್ನ ಕೈಯಾಗ ಸೂಜಿ.
ದವಾಖಾನಿ ತಳಮನಿಯಾಗ ಲ್ಯಾಬು,
ಕಲಬುರಗಿ ಬಿಸಲಿಗಿ ಅದೊಂದೇ ತಂಪು ಜಾಗಾ.
ಕೆಂಪು ಮುಚ್ಚಳ, ನೇರಳಿ ಮುಚ್ಚಳ, ಬೂದಿ ಮುಚ್ಚಳ.
ಮೊನ್ನೆ ಸೋಮವಾರ ತೋಳು ಚಾಚಿ ಕುಂತರು
ಅದೇ ಮಿಲ್ಲಿನ ಅಪ್ಪಾರಾವ ಸಾಹುಕಾರ್ರು.
ನನಗ ಅವರ ನರ ಸಿಗಲಿಲ್ಲ ಲಗು,
ಅವರಿಗಿ ನನ್ನ ಗುರ್ತು.
ಸಕ್ರಿ ಮುನ್ನೂರ ಹನ್ನೆರಡು.
ಡಾಕ್ಟರು ಅಂದ್ರಂತ: ಹಾಲು ಬಿಡ್ರಿ, ಸಕ್ರಿ ಬಿಡ್ರಿ,
ಕರೀ ಛಾ ಕುಡೀರಿ, ಎದಿಗಿ ಒಳ್ಳೇದು.
ಚೀಟಿ ಮಡಚಿ ಕಿಸೆದಾಗ ಇಟಕೊಂತ
ನನ್ನನ್ನೇ ಕೇಳಿದರು, ಮೆಲ್ಲಕ:
"ಅದನ್ನ ಹ್ಯಾಂಗ ಮಾಡ್ತಾರವ್ವ? ನಮ್ಮ ಮನ್ಯಾಗ
ಯಾರಿಗೂ ಬರೂದಿಲ್ಲ."

ಹೇಳಿಕೊಟ್ಟೆ. ಯಾಕ ಹೇಳಬಾರದು.
ನೀರು ಕುದ್ದಮ್ಯಾಲ ಪುಡಿ, ಆಮ್ಯಾಲ ಕುದಸಬ್ಯಾಡ್ರಿ,
ಮುಚ್ಚಿಟ್ಟು ನೂರು ಎಣಸ್ರಿ,
ಬೇಕಾದರ ಎರಡು ಹನಿ ನಿಂಬಿ.
ಬೆಲ್ಲದ ಸಂಗತಿ ಮಾತ್ರ ಹೇಳಲಿಲ್ಲ.

ಮ್ಯಾಲಿನ ಮಾಳಿಗ್ಯಾಗ, ಪಥ್ಯದ ಮೇಡಮ್ಮಿನ ಬಾಗಲಿಗಿ
ಒಂದು ಹಾಳಿ ಹಚ್ಯಾರ:
ಕರೀ ಛಾ ಎದಿಗಿ ಛಲೋ, ಕರುಳಿಗಿ ಛಲೋ, ಹಲ್ಲಿಗೂ ಅಂತ.
ತಳದಾಗ, ಇರಿವಿಯಷ್ಟು ಅಕ್ಷರದಾಗ:
ಊಟದ ಜೋಡಿ ಬ್ಯಾಡ,
ಉಂಡದ್ದರಾಗಿನ ಕಬ್ಬಿಣ ಮೈಗಿ ಹತ್ತೂದಿಲ್ಲ.
ಆ ಸಾಲಿನ ಮುಂದ ನಾ ಭಾಳ ಹೊತ್ತು ನಿಂತೆ.
ಕೈಯಾಗ ಟ್ಯೂಬಿನ ಟ್ರೇ ಇತ್ತು.

ನಮ್ಮವ್ವನ ರಕ್ತ ಮೊದಲನೆ ಸಲ ತಗದದ್ದು ನಾನೇ,
ಕೋರ್ಸಿಗಿ ಸೇರಿದ ವರ್ಷ.
ನನ್ನ ಕೈಗಿ ರೂಢಿ ಆಗಲಿ ಅಂತ
ಆಕೀನೇ ಕರದು ತೋಳು ಕೊಟ್ಟಿದ್ದಳು.
ಹಿಮೋಗ್ಲೋಬಿನ್ ಆರು ಪಾಯಿಂಟ್ ಎರಡು.
ಮಷಿನ್ ಕೆಟ್ಟಾದ ಅಂದಕೊಂಡು
ಮತ್ತೊಮ್ಮೆ ಹಾಕಿದ್ದೆ.

ಈಗ ಆಕಿ ಮುಂದ ಕರೀ ಛಾದ ಹೆಸರು ತಗೀಬಾರದು.
ಹಾಲೇ ಹಾಲು, ಬಸ್ಯಾಗ ಕೆನಿ ಕಟ್ಟಬೇಕು.
ಪೇಪರಿನಾಗ ಬಂದದ್ದು ಓದಿ ಹೇಳಿದರ ನಗತಾಳ:
"ನನ್ನ ಪಾಲಿಂದು ಕುಡದು ಮುಗಿಸೀನಿ ಜಗದೇವಿ,
ಇನ್ನ ಉಳದವರು ಕುಡೀಲಿ."

ರಾತ್ರಿ ಪಾಳಿ. ಉಂಡು ಡಬ್ಬಿ ತೊಳದಿಟ್ಟೀನಿ.
ಗಲಾಸಿನಾಗ ಕರೀ ಛಾ, ಟ್ಯೂಬ್ ಲೈಟಿಗಿ ಎತ್ತಿ ಹಿಡದರ
ತಳದಾಗಿನ ಕಂಪನಿ ಹೆಸರು ಉಲ್ಟಾ ಕಾಣ್ತದ,
ಅಷ್ಟು ತಿಳಿ.
ಸುಳ್ಳು ಯಾಕ, ನನಗ ಇದು ಸೇರತದ.
ಊಟ ಆಗಿ ನಲವತ್ತು ನಿಮಿಷ.
ಗಲಾಸಿಗಿ ಬಸಿ ಮುಚ್ಚಿಟ್ಟು ಗಡಿಯಾರ ನೋಡ್ತೀನಿ,
ಇನ್ನೂ ಇಪ್ಪತ್ತು ಅದ.